ಫೋಟೋಕ್ರೋಮಿಕ್ ಕನ್ನಡಕ: ಕಾಫಿ ತೋಟದಲ್ಲಿ ಮೂರು ವರ್ಷ ಬಳಸಿದ ಮೇಲೆ

ಕೊಡಗಿನ ಸುಂಟಿಕೊಪ್ಪದ ಬಳಿ ನಮ್ಮ ಕಾಫಿ ತೋಟ. ನನ್ನ ಪವರ್‌ಗೆ ತಕ್ಕಂತೆ ಮಾಡಿಸಿದ ಫೋಟೋಕ್ರೋಮಿಕ್ ಕನ್ನಡಕವನ್ನು (ಬಿಸಿಲಿಗೆ ತಾನೇ ಕಪ್ಪಾಗಿ, ಒಳಗೆ ಬಂದರೆ ತಿಳಿಯಾಗುವಂಥದ್ದು) ಮೂರು ವರ್ಷದಿಂದ ಮಳೆ, ಚಳಿ, ಬೇಸಿಗೆ ಎನ್ನದೆ ಹಾಕುತ್ತಿದ್ದೇನೆ. ದಿನವಿಡೀ ಹೊರಗೆ ದುಡಿಯುವವರು ಕೊಳ್ಳಲೇಬೇಕಾದ ವಸ್ತು ಇದು.

ಈ ಮಸೂರವನ್ನು ಕಪ್ಪಾಗಿಸುವುದು ಬಿಸಿಲಿನಲ್ಲಿರುವ ಅತಿನೇರಳೆ (ಯುವಿ) ಕಿರಣ. ಸಿಲ್ವರ್ ಓಕ್ ನೆರಳಿನಲ್ಲಿ ಹಣ್ಣು ಕೊಯ್ಯುವಾಗ ಹೆಚ್ಚುಕಡಿಮೆ ತಿಳಿಯಾಗಿರುತ್ತದೆ; ಕಣಕ್ಕೆ ಬಂದು ಕಾಫಿ ಹರವಲು ನಿಂತರೆ ಸ್ವಲ್ಪ ಹೊತ್ತಿನಲ್ಲೇ ಕಡುಬೂದು. ತಿಳಿಯಾಗಿದ್ದಾಗಲೂ ಅದು ಆ ಕಿರಣಗಳನ್ನು ತಡೆಯುತ್ತದೆ ಎಂಬುದೇ ನನಗೆ ದೊಡ್ಡ ಸಮಾಧಾನ. ರಸ್ತೆ ಬದಿಯ ಅಗ್ಗದ ಕಪ್ಪು ಕನ್ನಡಕದಲ್ಲಿ ಆ ತಡೆ ಇಲ್ಲದಿದ್ದರೆ ಅದು ಅಪಾಯ: ಕತ್ತಲಾಯಿತೆಂದು ಕಣ್ಣಿನ ಪಾಪೆ ಹಿಗ್ಗುತ್ತದೆ, ಕಿರಣಗಳು ಇನ್ನಷ್ಟು ಒಳಹೋಗುತ್ತವೆ. ವರ್ಷಗಟ್ಟಲೆ ಬಿಸಿಲು ತಿಂದ ಕಣ್ಣಿಗೆ ಪೊರೆ ಬೇಗ ಬರಬಹುದು, ಬಿಳಿಭಾಗದಿಂದ ಕರಿಗುಡ್ಡೆಯತ್ತ ಮಾಂಸದ ಪದರವೂ ಬೆಳೆಯಬಹುದು.

ಮಳೆಗಾಲಕ್ಕೆ ಇದೇಕೆ ಎಂದು ಮನೆಯವರೂ ಕೇಳುತ್ತಾರೆ. ಕೊಡಗು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಇಲ್ಲಿ ನಡುನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯ ದಾಟಿದ ಮೇಲೆ, ಅಂದರೆ ಮಳೆಗಾಲದಲ್ಲೇ, ಇನ್ನೊಮ್ಮೆ. ಸೂರ್ಯ ನೆತ್ತಿಗೇರಿದಷ್ಟೂ ಈ ಕಿರಣ ಜೋರು. ದಟ್ಟ ಕಾರ್ಮೋಡ ಬಹಳಷ್ಟು ಕಿರಣಗಳನ್ನು ತಡೆದರೂ ತೆಳುಮೋಡ ಹೆಚ್ಚಿನವನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಸೆಪ್ಟೆಂಬರ್ ಆರಂಭದ ಕೊಡವರ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ಮಳೆ ಹೊಳವಾದಾಗ ಗದ್ದೆ ಬದುವಿನಲ್ಲಿ ನಿಂತರೆ ಬಿಸಿಲು ಕಾಣದಿದ್ದರೂ ಮಸೂರ ಕಪ್ಪಾಗುತ್ತದೆ. ಎತ್ತರವೂ ಸೇರಿಕೊಳ್ಳುತ್ತದೆ, ಪ್ರತಿ 1,000 ಮೀಟರಿಗೆ ಈ ಕಿರಣಗಳು ಸುಮಾರು ಶೇ. 10ರಷ್ಟು ಹೆಚ್ಚುತ್ತವೆ, ಮಡಿಕೇರಿ ಅದಕ್ಕಿಂತಲೂ ಎತ್ತರದಲ್ಲಿದೆ.

ಕೊರತೆಗಳೂ ಇವೆ. ಕಾರಿನ ಮುಂದಿನ ಗಾಜೇ ಅತಿನೇರಳೆ ಕಿರಣವನ್ನು ಬಹುಪಾಲು ತಡೆಯುವುದರಿಂದ ಒಳಗೆ ಕುಳಿತಾಗ ಮಸೂರ ಕಪ್ಪಾಗುವುದಿಲ್ಲ. ಬೆಳಿಗ್ಗೆ ಕುಶಾಲನಗರದ ಕಡೆಗೆ ಹೊರಟರೆ ಎದುರು ಬಿಸಿಲು ಕಣ್ಣಿಗೇ ಹೊಡೆಯುತ್ತದೆ; ಚಾಲನೆಗೆಂದು ಬೇರೆ ಕನ್ನಡಕ ಇಟ್ಟುಕೊಂಡಿದ್ದೇನೆ. ಡಿಸೆಂಬರ್ ಚಳಿಯಲ್ಲಿ ವಿಪರೀತ ಕಪ್ಪಾಗಿ, ತಿಳಿಯಾಗಲು ತಡಮಾಡುತ್ತದೆ. ಬಿಸಿಲಿನಿಂದ ಗೋದಾಮಿನೊಳಗೆ ಕಾಲಿಡುವ ಮುನ್ನ ಕನ್ನಡಕ ತೆಗೆಯಲೇಬೇಕು, ಇಲ್ಲವಾದರೆ ಮೆಟ್ಟಿಲು ಕಾಣಿಸುವುದಿಲ್ಲ. ಕಪ್ಪು ಹೆಚ್ಚು ಬೇಕಾದ ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಅಷ್ಟು ಗಾಢವಾಗುವುದಿಲ್ಲ. ಈಗೀಗ ತಿಳಿಯಾಗುವ ವೇಗವೂ ತಗ್ಗಿದೆ, ಬಿಳಿ ಕಾಗದ ನೋಡಿದರೆ ತುಸು ಹಳದಿ ಛಾಯೆ.

ಅಂಚು ಅಗಲವಾದ ಟೋಪಿ ಇಲ್ಲದಿದ್ದರೆ ಮೇಲಿನಿಂದ, ಪಕ್ಕದಿಂದ ಬೆಳಕು ನುಗ್ಗುತ್ತದೆ. ಚರ್ಮಕ್ಕೆ ತುಂಬುತೋಳಿನ ಹತ್ತಿ ಅಂಗಿಯನ್ನೇ ನಂಬುತ್ತೇನೆ. ಮುಖ, ಕತ್ತಿಗೆ ಬಿಸಿಲು ತಡೆಯುವ ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಕ್ರೀಮ್. ಬೆವರುವ ಕೆಲಸದಲ್ಲಿ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಮುಂದಿನ ಸಲವೂ ಇದನ್ನೇ ಕೊಳ್ಳುತ್ತೇನೆ, ಆದರೆ ಕೆನ್ನೆಗೆ ಹತ್ತಿರ ಕೂರುವ ಅಗಲ ಫ್ರೇಮಿನಲ್ಲಿ. ನೀವು ಕೊಳ್ಳುವುದಾದರೆ ಬಿಲ್ಲಿನಲ್ಲಿ ಯುವಿ 400 (ಅತಿನೇರಳೆ ಕಿರಣವನ್ನು ಬಹುತೇಕ ಪೂರ್ತಿ ತಡೆಯುತ್ತದೆ ಎಂಬ ಗುರುತು) ಎಂದು ಬರೆಸಿಕೊಳ್ಳಿ. ಅಂಗಡಿಯಲ್ಲಿ ಯುವಿ ಮೀಟರ್ ಇದ್ದರೆ ಕಣ್ಣೆದುರೇ ಪರೀಕ್ಷಿಸಲು ಹೇಳಿ.