ಹರಳಿನಂಗಡಿಯವರೇ, ‘ಒಂದೇ ಗುಂಡಿಯಲ್ಲಿ ಬೆಲೆ ಬದಲಾವಣೆ’ ಎಂಬ ಮಾತನ್ನು ನಂಬಬೇಡಿ

ಬಿಡಿ ಹರಳು ಇಟ್ಟು ಮಾರುವ ಸಣ್ಣ ಅಂಗಡಿಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರಲು ಬಂದವರು ‘ಒಂದು ಗುಂಡಿ ಒತ್ತಿದರೆ ಅಂಗಡಿಯ ಅಷ್ಟೂ ಮಾಲಿನ ಬೆಲೆ ತಾನಾಗಿ ಬದಲಾಗುತ್ತದೆ’ ಎಂದರೆ ಅಲ್ಲೇ ತಡೆದು ನಿಲ್ಲಿಸಿ. ನಮಗೆ ಹೊಡೆತ ಬಿದ್ದದ್ದು ಆ ಗುಂಡಿಯಿಂದಲೇ.

ನಮ್ಮದು ಬೆಂಗಳೂರಿನ ಪೇಟೆಯೊಳಗಿನ ಹಳೆಯ ಅಂಗಡಿ. ಗದ್ದುಗೆಯ ಮೇಲೆ ಸೋದರಮಾವ, ಲೆಕ್ಕಪತ್ರ ನನ್ನದು. ಪ್ರತಿ ಹರಳಿಗೂ ಮಡಿಸಿದ ಬಿಳಿ ಕಾಗದದ ಒಂದು ಪೊಟ್ಟಣ. ಅದರ ಮೇಲೆ ತೂಕ, ಪ್ರಮಾಣಪತ್ರದ ಸಂಖ್ಯೆ, ಕೊಂಡ ಬೆಲೆಯನ್ನು ಸೂಚಿಸುವ ಗುಟ್ಟಿನ ಅಕ್ಷರಗಳು. ಇದನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಒಂದು ಕಂಪನಿಯ ಸಾಫ್ಟ್‌ವೇರ್ ತೆಗೆದುಕೊಂಡೆವು. ಅದು ಮೂಲತಃ ಚಿನ್ನದಂಗಡಿಗಾಗಿ ಮಾಡಿದ್ದು, ಹರಳಿನ ಭಾಗವನ್ನು ಆಮೇಲೆ ಸೇರಿಸಿದ್ದು. ಕೊಳ್ಳುವ ಮೊದಲೇ ನಾವು ಕೇಳಿದ್ದೆವು: ಒಂದೊಂದು ಹರಳಿಗೂ ಅದರದೇ ಬೆಲೆ ಇರುತ್ತದೆ, ನಿಮ್ಮಲ್ಲಿ ಅದು ಸಾಧ್ಯವೇ? ಖಂಡಿತ ಸಾಧ್ಯ ಎಂದರು. ಮೊದಮೊದಲು ಹಾಗೆಯೇ ಇತ್ತು ಕೂಡ.

ಚಿನ್ನದ ಲೆಕ್ಕ ಸರಳ. ಬೆಳಿಗ್ಗೆ ಗ್ರಾಮಿನ ದರ ಹಾಕಿದರೆ ಸಾಕು. ತೂಕಕ್ಕೆ ದರ ಗುಣಿಸಿ, ಮಜೂರಿ ಸೇರಿಸಿ, ಶೇ 3ರ ಜಿಎಸ್‌ಟಿ ಹಾಕಿದರೆ ಬಿಲ್ಲು ಸಿದ್ಧ. ಈ ಬಳೆಯ 916 ಚಿನ್ನಕ್ಕೂ ಆ ಸರದ 916 ಚಿನ್ನಕ್ಕೂ ಗ್ರಾಮಿನ ಬೆಲೆ ಒಂದೇ. ವಜ್ರಕ್ಕೂ ಒಂದು ಮಟ್ಟಿಗೆ ಆಧಾರವಿದೆ. 1978ರಿಂದ ಬರುತ್ತಿರುವ ರಾಪಾಪೋರ್ಟ್ ದರಪಟ್ಟಿಯನ್ನು ಮುಂದಿಟ್ಟುಕೊಂಡು, ಅದಕ್ಕಿಂತ ಇಷ್ಟು ಶೇಕಡ ಕಡಿಮೆ ಎಂದು ವ್ಯಾಪಾರಿಗಳು ಮಾತು ಮುಗಿಸುತ್ತಾರೆ. ಬಣ್ಣದ ಹರಳಿಗೆ ಎಲ್ಲರೂ ಒಪ್ಪುವ ಅಂಥ ಪಟ್ಟಿ ಇಲ್ಲ. ಬರ್ಮಾದ ಮೊಗೊಕ್‌ನಿಂದ ಬಂದ, ಬಣ್ಣ ಹೆಚ್ಚಿಸಲು ಶಾಖ ಕೊಡದ ಮಾಣಿಕ್ಯ. ಮೊಜಾಂಬಿಕ್‌ನ ಮೊಂಟೆಪುಯೆಜ್‌ನದು, ಶಾಖ ಕೊಟ್ಟದ್ದು. ಬಿರುಕುಗಳಿಗೆ ಗಾಜು ತುಂಬಿದ್ದು. ಮೂರನ್ನೂ ಪಟ್ಟಿಯಲ್ಲಿ ‘ಮಾಣಿಕ್ಯ’ ಎಂದೇ ಬರೆಯಬಹುದು. ಆದರೆ ಗಾಜು ತುಂಬಿದ್ದು ಕ್ಯಾರಟ್‌ಗೆ (ಹರಳಿನ ತೂಕದ ಅಳತೆ) ಕೆಲವು ನೂರು ರೂಪಾಯಿಗೂ ಸಿಗುತ್ತದೆ, ಒಳ್ಳೆಯ ಬರ್ಮಾ ಹರಳು ಕ್ಯಾರಟ್‌ಗೆ ಲಕ್ಷಗಳನ್ನು ದಾಟುತ್ತದೆ. ಒಂದೇ ಗಣಿಯ, ಒಂದೇ ಬಣ್ಣದ ಎರಡು ಹರಳುಗಳಲ್ಲೂ ತೂಕ ಹೆಚ್ಚಿದಂತೆ ಕ್ಯಾರಟ್ಟಿನ ದರವೇ ಏರುತ್ತದೆ.

ಈ ವ್ಯತ್ಯಾಸವನ್ನೆಲ್ಲ ಕಂಪನಿಯವರು ಒಂದು ರಾತ್ರಿಯಲ್ಲಿ ಅಳಿಸಿಹಾಕಿದರು. ನಮಗೆ ಒಂದು ಮಾತೂ ಹೇಳದೆ ಹೊಸ ಆವೃತ್ತಿಯನ್ನು ಕಳುಹಿಸಿದ್ದರು. ಅದರಲ್ಲಿ ಹರಳುಗಳನ್ನು ಜಿಎಸ್‌ಟಿಗಾಗಿ ಬಳಸುವ ಎಚ್‌ಎಸ್‌ಎನ್ ಸಂಖ್ಯೆಯ ಪ್ರಕಾರ ಗುಂಪು ಮಾಡಲಾಗಿತ್ತು. ಆ ಸಂಖ್ಯೆ ಇರುವುದು ತೆರಿಗೆಗೆ, ಬೆಲೆಗಲ್ಲ. ವಜ್ರ 7102, ಬಣ್ಣದ ಹರಳುಗಳು 7103, ಕೃತಕ ಹರಳುಗಳು 7104. ಈ 7103ರ ಒಳಗೆ ಪಚ್ಚೆಯೂ ಬರುತ್ತದೆ, ಹತ್ತಿಪ್ಪತ್ತು ಕ್ಯಾರಟ್‌ಗಟ್ಟಲೆ ಮಾರುವ ಅಗ್ಗದ ಅಮೆಥಿಸ್ಟ್ ಕೂಡ ಬರುತ್ತದೆ. ಇನ್ನೊಂದು ಹೆಜ್ಜೆ ಒಳಹೋದರೂ ಮಾಣಿಕ್ಯ, ನೀಲ, ಪಚ್ಚೆ ಮೂರೂ 7103 91 ಎಂಬ ಒಂದೇ ಸಂಖ್ಯೆಯಡಿ ಕೂರುತ್ತವೆ. (ನವರತ್ನದಲ್ಲಿ ಒಂದಾದ ಹವಳ 71ರಿಂದ ಶುರುವಾಗುವ ಈ ಅಧ್ಯಾಯದಲ್ಲೇ ಇಲ್ಲ, ಕೆತ್ತಿದ ಹವಳ ದಂತ, ಕೊಂಬುಗಳ ಜೊತೆ 9601ರಲ್ಲಿದೆ. ತೆರಿಗೆಯ ವಿಂಗಡಣೆಯನ್ನು ರತ್ನದ ವಿಂಗಡಣೆ ಎಂದುಕೊಳ್ಳುವವರಿಗೆ ಇದೊಂದೇ ಸಾಕಾಗಬೇಕಿತ್ತು.)

ಹಬ್ಬದ ವ್ಯಾಪಾರದ ದಿನ. ಬೆಳಿಗ್ಗೆ ಎಂದಿನಂತೆ ಚಿನ್ನದ ದರ ಹಾಕಿ ಗುಂಡಿ ಒತ್ತಿದ್ದಾಯಿತು. ಚಿನ್ನದ ಜೊತೆಗೆ ಹರಳಿನ ಗುಂಪುಗಳಿಗೂ ‘ಸರಾಸರಿ ದರ’ ಲೆಕ್ಕವಾಗಿ, ಅದು ಪ್ರತಿ ಹರಳಿನ ಬೆಲೆಯ ಜಾಗಕ್ಕೆ ಹೋಗಿ ಕೂತಿತು. ಅಗ್ಗದ ಹರಳು ದುಬಾರಿಯಾಯಿತು, ದುಬಾರಿ ಹರಳು ಅಗ್ಗವಾಯಿತು. ಜನ ತುಂಬಿದ್ದ ಹೊತ್ತು. ಹುಡುಗರು ಚೀಟಿಯ ಬಾರ್‌ಕೋಡ್ ತೋರಿಸಿ, ಪರದೆಯಲ್ಲಿ ಬಂದ ಬೆಲೆಗೆ ಬಿಲ್ಲು ಮಾಡುತ್ತಿದ್ದರು. ಹಳೆಯ ಗಿರಾಕಿಯೊಬ್ಬರು ಮೊದಲೇ ನೋಡಿಟ್ಟಿದ್ದ ಸಾಧಾರಣ ಮಾಣಿಕ್ಯಕ್ಕೆ ಹಲವು ಪಟ್ಟು ಬೆಲೆ ಕೇಳಿ, ‘ನಿಮ್ಮಲ್ಲೂ ಹೀಗಾಯಿತೇ’ ಎಂದು ನೊಂದುಕೊಂಡು ಎದ್ದುಹೋದರು. ಅದೇ ಮಧ್ಯಾಹ್ನ, ಮಾವ ವರ್ಷಗಟ್ಟಲೆ ಜೋಪಾನ ಮಾಡಿದ್ದ ಶ್ರೀಲಂಕಾದ ನೀಲವೊಂದು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಾಟವಾಯಿತು. ಸಂಜೆ ಖಾಲಿ ಪೊಟ್ಟಣದ ಮೇಲಿನ ಅಕ್ಷರಗಳನ್ನು ಬಿಲ್ಲಿಗೆ ತಾಳೆ ಹಾಕುವಾಗ ಮಾವನ ಕೈ ನಿಂತಿತು. ಬಿಲ್ಲು ಕೊಟ್ಟ ಮೇಲೆ ಕೊಂಡವರನ್ನು ಕರೆದು ಹರಳು ವಾಪಸು ಕೇಳುವುದು ವ್ಯಾಪಾರದ ಮರ್ಯಾದೆಯಲ್ಲ. ಕೇಳಲಿಲ್ಲ.

ಹಳೆಯ ಬೆಲೆಗಳನ್ನಾದರೂ ಮರಳಿಸಿ ಎಂದು ಕಂಪನಿಗೆ ಫೋನ್ ಮಾಡಿದೆ. ‘ಮೇಡಂ, ಬೆಲೆ ಬದಲಾದರೆ ಹಿಂದಿನದು ಉಳಿಯುವುದಿಲ್ಲ, ಸಿಸ್ಟಂ ಇರುವುದೇ ಹಾಗೆ’ ಎಂಬ ಉತ್ತರ ಬಂತು. ಯಾವ ಬೆಲೆ ಯಾವಾಗ, ಯಾರಿಂದ ಬದಲಾಯಿತು ಎಂಬ ದಾಖಲೆಯೇ ಅದರಲ್ಲಿ ಇರಲಿಲ್ಲ. ರಾತ್ರಿಯ ಬ್ಯಾಕಪ್ ಇದೆಯಲ್ಲ ಎಂದರೆ, ಅದು ದಿನವೂ ಅದೇ ಕಡತದ ಮೇಲೆ ಬರೆಯುತ್ತದೆಯಂತೆ. ನಾವು ಕೇಳುವ ಹೊತ್ತಿಗೆ ಬ್ಯಾಕಪ್‌ನಲ್ಲೂ ತಪ್ಪು ಬೆಲೆಗಳೇ ಇದ್ದವು. ವಾರ್ಷಿಕ ನಿರ್ವಹಣಾ ಶುಲ್ಕದ ಬಿಲ್ಲು ಮಾತ್ರ ತಪ್ಪದೆ ಬಂತು. ನಮ್ಮ ಕೈ ಹಿಡಿದದ್ದು ಪೊಟ್ಟಣದ ಮೇಲಿನ ಪೆನ್ಸಿಲ್ ಬರಹ. ಪ್ರತಿಯೊಂದನ್ನೂ ಬಿಚ್ಚಿ, ತೂಗಿ, ಮತ್ತೆ ಬರೆದೆವು.

ಹಾಗೆ ತೂಗುವಾಗಲೇ ಉಳಿದ ಹುಳುಕುಗಳು ಹೊರಬಿದ್ದವು. ಕ್ಯಾರಟ್ಟಿನಲ್ಲಿ ನಮೂದಿಸಿದ ತೂಕವನ್ನು ಸಾಫ್ಟ್‌ವೇರ್ ಒಳಗೊಳಗೇ ಗ್ರಾಮಿಗೆ ಬದಲಿಸಿ ಎರಡೇ ದಶಮಾಂಶ ಸ್ಥಾನ ಇಟ್ಟುಕೊಳ್ಳುತ್ತಿತ್ತು. ಚಿನ್ನಕ್ಕೆ ಅದರಿಂದ ದೊಡ್ಡ ಬಾಧೆಯಿಲ್ಲ. ಆದರೆ ಕ್ಯಾರಟ್ ಎಂದರೆ 0.2 ಗ್ರಾಂ. 98 ಸೆಂಟಿನ, ಅಂದರೆ 0.98 ಕ್ಯಾರಟ್‌ನ ಹರಳು 0.196 ಗ್ರಾಂ; ಅದು 0.20 ಆಗಿ, ಬಿಲ್ಲಿನಲ್ಲಿ ಪೂರ್ತಿ ಒಂದು ಕ್ಯಾರಟ್ ಎಂದು ಮುದ್ರಣವಾಗುತ್ತದೆ. ಪ್ರಮಾಣಪತ್ರದಲ್ಲಿ ಒಂದು ತೂಕ, ಬಿಲ್ಲಿನಲ್ಲಿ ಇನ್ನೊಂದು. ಗಿರಾಕಿ ನಮ್ಮನ್ನು ಮೋಸಗಾರರೆಂದರೆ ಉತ್ತರವೇನು? ಜ್ಯೋತಿಷಿಯ ಚೀಟಿ ಹಿಡಿದು ‘ಐದೂಕಾಲು ರತ್ತಿ ಪುಷ್ಯರಾಗ’ ಎಂದು ಬರುವವರ ವಿಷಯದಲ್ಲಿ ಇನ್ನೂ ಕೆಟ್ಟದು. ಗುಲಗಂಜಿಯ ತೂಕದಿಂದ ಬಂದ ಹಳೆಯ ರತ್ತಿ ಸುಮಾರು 121 ಮಿಲಿಗ್ರಾಂ, ಹರಳಿನ ಪೇಟೆಯಲ್ಲಿ ನಡೆಯುವ ಪಕ್ಕಾ ರತ್ತಿ ಸುಮಾರು 182. ಮೊದಲನೆಯದರಲ್ಲಿ ಐದೂಕಾಲು ರತ್ತಿ ಎಂದರೆ 3.2 ಕ್ಯಾರಟ್ ಆಸುಪಾಸು, ಎರಡನೆಯದರಲ್ಲಿ 4.8 ಆಸುಪಾಸು. ಸಾಫ್ಟ್‌ವೇರ್‌ನಲ್ಲಿ ಹಳೆಯದನ್ನು ಕೂರಿಸಿದ್ದರು, ಬದಲಿಸಲು ಅವಕಾಶವಿರಲಿಲ್ಲ.

ಲಾಟಿನ (ಒಟ್ಟಿಗೆ ಕೊಂಡ ಹರಳುಗಳ ಗುಂಪಿನ) ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದು ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. 50 ಕ್ಯಾರಟ್ ನೀಲದ ಲಾಟನ್ನು ಕ್ಯಾರಟ್‌ಗೆ 4,000ದಂತೆ 2 ಲಕ್ಷಕ್ಕೆ ಕೊಂಡಿರಿ ಎನ್ನಿ. ಗಿರಾಕಿ ಒಳ್ಳೊಳ್ಳೆಯ 10 ಕ್ಯಾರಟ್ ಆರಿಸಿ 9,000ದಂತೆ ಒಯ್ದರು. ಸಾಫ್ಟ್‌ವೇರ್ ಪ್ರಕಾರ ಕೂಡಲೇ 50,000 ಲಾಭ, ಉಳಿದ 40 ಕ್ಯಾರಟ್‌ನ ಬೆಲೆ 1,60,000. ಆದರೆ ಆರಿಸಿ ಬಿಟ್ಟ ಮಾಲಿಗೆ ಪೇಟೆಯಲ್ಲಿ ಯಾರೂ 4,000 ಕೊಡುವುದಿಲ್ಲ. ಇಲ್ಲದ ಲಾಭಕ್ಕೆ ಆದಾಯ ತೆರಿಗೆ ಕಟ್ಟಿ, ಇಲ್ಲದ ದಾಸ್ತಾನನ್ನು ಬ್ಯಾಂಕಿಗೆ ತೋರಿಸುತ್ತ ಕೂರಬೇಕಾಗುತ್ತದೆ. ಆರಿಸಿ ಮಾರಿದ ಮೇಲೆ ಉಳಿದದ್ದಕ್ಕೆ ಹೊಸದಾಗಿ ಬೆಲೆ ಕಟ್ಟಲು ಬಿಡದ ಸಾಫ್ಟ್‌ವೇರ್ ಹರಳಿನ ವ್ಯಾಪಾರಕ್ಕೆ ಬೇಡವೇ ಬೇಡ.

ಜಾಂಗಡ್ ಮಾಲನ್ನೂ, ಅಂದರೆ ಬೇರೆ ವ್ಯಾಪಾರಿ ಒಪ್ಪಿಗೆಗಾಗಿ ಕೊಟ್ಟಿಟ್ಟ ಮಾಲನ್ನೂ, ಅದು ನಮ್ಮ ಸ್ವಂತ ದಾಸ್ತಾನಿಗೇ ಸೇರಿಸುತ್ತಿತ್ತು. ಒಪ್ಪಿಗೆಯಾದರೆ ಕೊಳ್ಳುವ ಕರಾರಿನ ಮೇಲೆ ಕಳುಹಿಸಿದ ಸರಕಿಗೆ ಜಿಎಸ್‌ಟಿ ಕಾನೂನಿನಲ್ಲಿ ಗರಿಷ್ಠ ಆರು ತಿಂಗಳ ಗಡುವಿದೆ. ಅಷ್ಟರೊಳಗೆ ಬಿಲ್ಲು ಆಗಬೇಕು ಅಥವಾ ಮಾಲು ಹಿಂದಿರುಗಬೇಕು. ಯಾರ ಮಾಲು, ಯಾವಾಗ ಬಂತು ಎಂಬುದೇ ಗೊತ್ತಾಗದಿದ್ದರೆ ಗಡುವು ಎಣಿಸುವುದು ಹೇಗೆ?

ಬೇಸತ್ತು ಮಾಹಿತಿಯನ್ನೆಲ್ಲ ಹೊರತೆಗೆದುಕೊಡಿ ಎಂದೆವು. ಕೊಟ್ಟ ಸಿಎಸ್‌ವಿ ಕಡತದಲ್ಲಿ (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಕಡತ) 1,25,000 ಎಂಬ ಮೊತ್ತ ತನ್ನ ಅಲ್ಪವಿರಾಮಗಳಿಂದಲೇ ಮೂರು ಅಂಕಣಗಳಾಗಿ ಒಡೆದಿತ್ತು. ಎಕ್ಸೆಲ್‌ನಲ್ಲಿ ತೆರೆದಾಗ ‘3-5’ ಎಂಬಂಥ ಲಾಟ್ ಸಂಖ್ಯೆಗಳು ದಿನಾಂಕಗಳಾದವು, ಪ್ರಮಾಣಪತ್ರಗಳ ಸಂಖ್ಯೆಯ ಆರಂಭದ ಸೊನ್ನೆಗಳು ಮಾಯವಾದವು.

ಹಾಗಾಗಿ ದುಡ್ಡು ಕೊಡುವ ಮೊದಲು, ಮಾರಲು ಬಂದವರ ಎದುರಿಗೇ ಕೆಲವು ಹರಳುಗಳನ್ನು ನೀವೇ ಏರಿಸಿ. ಒಂದು ಶಾಖ ಕೊಟ್ಟ ಮಾಣಿಕ್ಯ, ಒಂದು ಕೊಡದ್ದು, 98 ಸೆಂಟಿನದೊಂದು, ಆರಿಸಿ ಮಾರಬೇಕಾದ ಒಂದು ಲಾಟು, ಜಾಂಗಡ್‌ನಲ್ಲಿ ಬಂದ ಒಂದು ಪಚ್ಚೆ. ಚಿನ್ನದ ದರ ಬದಲಿಸಿ, ಹರಳಿನ ಬೆಲೆ ಕದಲಿತೇ ನೋಡಿ. ಒಂದು ಹರಳಿನ ಬೆಲೆ ಬದಲಿಸಿ, ಹಿಂದಿನ ಬೆಲೆಯನ್ನು ತೋರಿಸಲು ಹೇಳಿ. ಬಿಲ್ಲು ಮುದ್ರಿಸಿ ತೂಕ ತಾಳೆ ನೋಡಿ. ಕೊನೆಗೆ ಇಡೀ ಮಾಹಿತಿಯನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಅವರ ಸಾಫ್ಟ್‌ವೇರ್ ಇಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಓದಿ. ಹೊಸ ಆವೃತ್ತಿ ಹಾಕುವ ಮೊದಲು ನಿಮ್ಮ ಒಪ್ಪಿಗೆ ಪಡೆಯುತ್ತೇವೆ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ. ಅದಕ್ಕೆ ಒಪ್ಪದವರಿಗೆ ಮುಂಗಡ ಕೊಡಬೇಡಿ. ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ದರೂ ಪೊಟ್ಟಣದ ಮೇಲೆ ಬರೆಯುವುದನ್ನು ಬಿಡಬೇಡಿ.