ಅಂಗಡಿ ಹುಡುಗ ಲ್ಯಾಪ್‌ಟಾಪ್ ಸೆಟಪ್ ಮಾಡಿಕೊಟ್ಟಿದ್ದಾನಾ? ಇವತ್ತೇ ಒಮ್ಮೆ ನೋಡಿಕೊಳ್ಳಿ

ಹೊಸ ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವರೇ ಎಲ್ಲ ಸೆಟಪ್ ಮಾಡಿ ಕೈಗೆ ಕೊಟ್ಟಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದೂವರೆ ವರ್ಷದ ಫೈಲು, ಫೋಟೋ ಎಲ್ಲ ಕಳೆದುಕೊಂಡು ಕೂತಿದ್ದೇನೆ. ವೈರಸ್ ಬಂದಿರಲಿಲ್ಲ. ಡಿಸ್ಕ್ ಕೆಟ್ಟಿರಲಿಲ್ಲ, ಈಗಲೂ ಗುಂಡುಕಲ್ಲಿನ ಹಾಗಿದೆ. ಅದರ ಬೀಗದ ಕೀ ಯಾರದೋ ಇಮೇಲಿನಲ್ಲಿ ಇತ್ತು, ಅಷ್ಟೇ.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ಕಂಪ್ಯೂಟರ್ ಪಂಡಿತನಲ್ಲ, ಆದರೆ ತೀರಾ ಗೊತ್ತಿಲ್ಲದವನೂ ಅಲ್ಲ. ಲ್ಯಾಪ್‌ಟಾಪ್ ತಗೊಂಡ ದಿನ ಅಂಗಡಿ ಹುಡುಗ ತುಂಬಾ ಉತ್ಸಾಹದಿಂದ, "ಸಾರ್, ನೀವು ಟೀ ಕುಡ್ಕೊಂಡು ಬನ್ನಿ, ಅಷ್ಟರಲ್ಲಿ ಎಲ್ಲಾ ರೆಡಿ ಮಾಡಿರ್ತೀನಿ" ಅಂದ. ವಿಂಡೋಸ್ 11 ಶುರುವಿನಲ್ಲೇ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ, ಇಂಟರ್ನೆಟ್ ಕೇಳುತ್ತದೆ. ಅವನು ತನ್ನ ಬಳಿ ಇದ್ದ ಒಂದು ಇಮೇಲ್ ಹಾಕಿ ಮುಗಿಸಿಬಿಟ್ಟಿದ್ದ. ನಾನು ಟೀ ಕುಡಿದು ಬಂದೆ, ನಾಲ್ಕಂಕಿಯ ಪಿನ್ ಹಾಕಿದೆ, ಮನೆಗೆ ಹೋದೆ. ಪಿನ್ ನನ್ನದು ಅಂದಮೇಲೆ ಲ್ಯಾಪ್‌ಟಾಪ್ ನನ್ನದೇ ಅಲ್ವಾ ಅಂತ ತಿಳಿದಿದ್ದೆ.

ಒಂದು ಸುಳಿವು ಕಣ್ಣೆದುರೇ ಇತ್ತು. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ತೆರೆದರೆ ನನ್ನ ಹೆಸರಿನ ಫೋಲ್ಡರ್ ಇರಲಿಲ್ಲ. ಅರ್ಥವೇ ಇಲ್ಲದ ಐದು ಅಕ್ಷರದ ಒಂದು ಫೋಲ್ಡರ್ ಇತ್ತು. ಸೆಟಪ್ ಮಾಡುವಾಗ ಹಾಕಿದ ಇಮೇಲಿನ ಮೊದಲ ಐದು ಅಕ್ಷರವನ್ನೇ ವಿಂಡೋಸ್ ಫೋಲ್ಡರ್‌ಗೆ ಹೆಸರಾಗಿ ಇಡುತ್ತದೆ ಅಂತ ಆಮೇಲೆ ಗೊತ್ತಾಯಿತು. ದಿನಾ ನೋಡುತ್ತಿದ್ದೆ, ಒಂದು ದಿನವೂ ಯಾಕೆ ಹೀಗೆ ಅಂತ ಕೇಳಿಕೊಳ್ಳಲಿಲ್ಲ.

ಇನ್ನು ಬೀಗದ ವಿಷಯ. ವಿಂಡೋಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಂತ ಒಂದಿದೆ, ಕೀ ಇಲ್ಲದೆ ಯಾರೂ ಓದಲಾಗದ ಹಾಗೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಗುಪ್ತ ರೂಪಕ್ಕೆ ತಿರುಗಿಸುವ ವ್ಯವಸ್ಥೆ. ಒಳಗೆ ಇರುವುದು ಮೈಕ್ರೋಸಾಫ್ಟ್‌ನ ಬಿಟ್‌ಲಾಕರ್ ಅನ್ನುವ ಬೀಗದ ತಂತ್ರವೇ. ಹೋಮ್ ಆವೃತ್ತಿಯಲ್ಲೂ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದ ತಕ್ಷಣ, ನಮ್ಮನ್ನು ಒಂದು ಮಾತೂ ಕೇಳದೆ, ಡಿಸ್ಕ್‌ಗೆ ಬೀಗ ಬೀಳುತ್ತದೆ. ಮೊದಲು ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಹೀಗಾಗುತ್ತಿರಲಿಲ್ಲ. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಷರತ್ತುಗಳನ್ನು ಸಡಿಲ ಮಾಡಿದ್ದಾರೆ, ಹಾಗಾಗಿ ಈಗ ಜಾಸ್ತಿ ಯಂತ್ರಗಳಿಗೆ ತಾನಾಗಿಯೇ ಬೀಗ ಬೀಳುತ್ತಿದೆ. ಆ ಬೀಗ ತೆಗೆಯುವ 48 ಅಂಕಿಯ ರಿಕವರಿ ಕೀ ಸೀದಾ ಸೆಟಪ್ ಮಾಡಿದ ಖಾತೆಗೆ ಹೋಗಿ ಕೂರುತ್ತದೆ. ನನ್ನ ವಿಷಯದಲ್ಲಿ ಅಂಗಡಿ ಹುಡುಗನ ಇಮೇಲಿಗೆ.

ದಿನನಿತ್ಯ ಇದು ಗೊತ್ತೇ ಆಗುವುದಿಲ್ಲ. ಟಿಪಿಎಂ ಅನ್ನುವ ಪುಟ್ಟ ಚಿಪ್ ಒಳಗೆ ಕೀ ಹಿಡಿದುಕೊಂಡು ಕೂತಿರುತ್ತದೆ. ಲ್ಯಾಪ್‌ಟಾಪ್ ನಿನ್ನೆ ಶುರುವಾದ ಹಾಗೇ ಇವತ್ತೂ ಶುರುವಾದರೆ ಸುಮ್ನೆ ಬೀಗ ತೆಗೆಯುತ್ತದೆ. ಏನಾದರೂ ಬದಲಾಗಿದ್ದರೆ, ಯಾರೋ ಕಳ್ಳ ಬಂದ ಅಂದುಕೊಂಡು ಬಾಗಿಲು ಹಾಕುತ್ತದೆ.

ಆ ಕಳ್ಳ ನಾನೇ. ವಿಂಡೋಸ್ ನನಗೆ ಸಾಕಾಗಿತ್ತು. ಸ್ಟಾರ್ಟ್ ಮೆನುವಿನಲ್ಲಿ ಜಾಹೀರಾತು, ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಒನ್‌ಡ್ರೈವ್ ತಗೋ ತಗೋ ಅಂತ ಕಾಟ. ಅದರ ಕಾಟ ತಡೆಯಲಾರದೆ ಮೊದಲ ವಾರವೇ ಒನ್‌ಡ್ರೈವ್ ಕಿತ್ತು ಹಾಕಿದ್ದೆ. ನಮ್ಮ ಗಣಿತದ ಮೇಷ್ಟ್ರು ಬಹಳ ವರ್ಷದಿಂದ ವಿಂಡೋಸ್ ಬದಲು ಉಬುಂಟು ಬಳಸುತ್ತಾರೆ, ಅದು ಲಿನಕ್ಸ್‌ನ ಒಂದು ಬಗೆ. ನುಡಿ ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಗುತ್ತದೆ, ಕನ್ನಡ ಟೈಪಿಂಗ್‌ಗೆ ತೊಂದರೆ ಇಲ್ಲ ಅಂತ ತೋರಿಸಿದ್ದರು. ಯುಗಾದಿ ರಜೆಯಲ್ಲಿ ಪೆನ್‌ಡ್ರೈವ್‌ಗೆ ಉಬುಂಟು ಇಳಿಸಿಕೊಂಡು, ಒಂದು ವಿಡಿಯೋ ನೋಡುತ್ತಾ ಕೂತೆ. ವಿಡಿಯೋದಲ್ಲಿ ಆತ ಹೇಳಿದ ಮೊದಲ ಕೆಲಸ: ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಕಾವಲು) ಆಫ್ ಮಾಡಿ. ಮಾಡಿದೆ.

ಮತ್ತೆ ಆನ್ ಮಾಡಿದರೆ ವಿಂಡೋಸ್ ಬರಲಿಲ್ಲ. ನೀಲಿ ಪರದೆ, ರಿಕವರಿ ಕೀ ಹಾಕು ಅಂತ ಒಂದು ಖಾಲಿ ಪೆಟ್ಟಿಗೆ, ಕೆಳಗೆ ಉದ್ದದ ಒಂದು ಕೀ ಐಡಿ. ನನ್ನ ಪಿನ್ ಅಲ್ಲಿ ಕೆಲಸಕ್ಕೆ ಬರಲ್ಲ.

ಈಗ ನನ್ನ ಮೂರ್ಖತನದ ಭಾಗ ಕೇಳಿ. ಆ ಕ್ಷಣ ಬಯಾಸ್‌ಗೆ ವಾಪಸ್ ಹೋಗಿ ಸೆಕ್ಯೂರ್ ಬೂಟ್ ಅನ್ನು ಮೊದಲಿನ ಹಾಗೇ ಆನ್ ಮಾಡಿದ್ದರೆ, ಹೆಚ್ಚು ಕಮ್ಮಿ ಎಲ್ಲವೂ ಸರಿಹೋಗಿರುತ್ತಿತ್ತು. ಚಿಪ್‌ಗೆ ಎಲ್ಲ ನಿನ್ನೆಯಂತೇ ಕಂಡು ಬಾಗಿಲು ತೆಗೆಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ವಿಡಿಯೋ ಕೆಳಗೆ ಯಾರೋ "ಟಿಪಿಎಂ ಕ್ಲಿಯರ್ ಮಾಡಿ, ನನಗೆ ಸರಿಹೋಯ್ತು" ಅಂತ ಬರೆದಿದ್ದರು. ಬಯಾಸ್ ಎಚ್ಚರಿಕೆ ಕೊಟ್ಟಿತು, ಖಚಿತವಾ ಅಂತಲೂ ಕೇಳಿತು. ಯೆಸ್ ಒತ್ತಿದೆ. ಚಿಪ್ ಹಿಡಿದುಕೊಂಡಿದ್ದ ಕೀ ಅಲ್ಲೇ ಹೋಯಿತು. ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿದರೂ ಅದೇ ನೀಲಿ ಪರದೆ.

ಇನ್ನೊಂದು ಹೊಟ್ಟೆ ಉರಿಯುವ ಸಂಗತಿ: ಉಬುಂಟುಗೆ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೇ ಇರಲಿಲ್ಲ. 2012ರಿಂದಲೇ ಅದು ಸೆಕ್ಯೂರ್ ಬೂಟ್ ಜೊತೆ ಕೆಲಸ ಮಾಡುತ್ತದೆ. ಬಿಟ್‌ಲಾಕರ್ ಇರುವ ಡಿಸ್ಕ್ ಕಂಡರೆ, ಮೊದಲು ವಿಂಡೋಸ್‌ಗೆ ಹೋಗಿ ಅದನ್ನು ಆಫ್ ಮಾಡಿ ಬನ್ನಿ ಅಂತ ಉಬುಂಟು ಇನ್‌ಸ್ಟಾಲರೇ ಹೇಳುತ್ತದೆ. ವಿಡಿಯೋ ಬಿಟ್ಟು ಸೀದಾ ಪೆನ್‌ಡ್ರೈವ್ ಹಾಕಿದ್ದರೆ ಅದೇ ನನ್ನನ್ನು ಕಾಪಾಡುತ್ತಿತ್ತು.

ಪೆನ್‌ಡ್ರೈವ್‌ನಿಂದ ಉಬುಂಟು ಶುರು ಮಾಡಿ ಫೈಲ್ ಎತ್ತಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ನಂಬಿದ್ದೆ. ಹಿಂದೆ ವಿಂಡೋಸ್ 7 ಇದ್ದ ಹಳೆ ಲ್ಯಾಪ್‌ಟಾಪ್ ಬೂಟ್ ಆಗದೆ ಕೂತಾಗ ಗಣಿತದ ಮೇಷ್ಟ್ರು ಹಾಗೇ ಮಾಡಿ, ಅರ್ಧ ಗಂಟೆಯಲ್ಲಿ ಎಲ್ಲ ಫೈಲು ತೆಗೆದುಕೊಟ್ಟಿದ್ದರು. ಈ ಸಲ ಡ್ರೈವ್ ಮೇಲೆ ಕ್ಲಿಕ್ ಮಾಡಿದರೆ ಉಬುಂಟು ಕೂಡ ಕೀ ಕೇಳಿತು. ಲಿನಕ್ಸ್‌ಗೆ ಬಿಟ್‌ಲಾಕರ್ ಬೀಗ ತೆಗೆಯಲು ಬರುತ್ತದೆ, ಕೀ ಕೊಟ್ಟರೆ ಮಾತ್ರ. "ಮೇಷ್ಟ್ರೇ, ಇದು ಲಿನಕ್ಸ್‌ನ ದೋಷ ಅಲ್ಲ, ವಿಂಡೋಸ್‌ನದ್ದೂ ಅಲ್ಲ. ಬೀಗ ಗಟ್ಟಿಯಾಗಿದೆ ಅಷ್ಟೇ" ಅಂದರು ಅವರು. ಅರ್ಧ ಒಪ್ಪುತ್ತೇನೆ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳುವಾದರೆ ಈ ಬೀಗ ಒಳ್ಳೆಯದೇ. ಆದರೆ ಮನೆ ಯಜಮಾನನಿಗೆ ಹೇಳದೆ ಬೀಗ ಹಾಕಿ, ಕೀಯನ್ನು ಮೇಸ್ತ್ರಿ ಜೇಬಿಗೆ ಹಾಕುವುದು ಯಾವ ಊರ ನ್ಯಾಯ? ಉಬುಂಟುವಿನಲ್ಲೂ ಡಿಸ್ಕ್‌ಗೆ ಬೀಗ ಹಾಕಬಹುದು, ಪಾಸ್‌ವರ್ಡ್ ಮರೆತರೆ ಅಲ್ಲೂ ಇದೇ ಗತಿ. ಆದರೆ ಇನ್‌ಸ್ಟಾಲ್ ಮಾಡುವಾಗ ನಾವೇ ಆರಿಸಿ, ನಾವೇ ಪಾಸ್‌ವರ್ಡ್ ಹಾಕಬೇಕು.

ಅಂಗಡಿಗೆ ಓಡಿದೆ. ಆ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ನಂಬರ್ ಹುಡುಕಿ ಫೋನ್ ಮಾಡಿದರೆ ಪಾಪ, ಅವನೂ ಪ್ರಯತ್ನಪಟ್ಟ. "ಸಾರ್, ಎಷ್ಟೋ ಲ್ಯಾಪ್‌ಟಾಪ್‌ಗೆ ಅದೇ ಇಮೇಲ್ ಹಾಕಿದ್ದೆ, ಪಾಸ್‌ವರ್ಡ್ ನೆನಪಿಲ್ಲ. ಓಟಿಪಿ ಬರೋ ಸಿಮ್ಮೂ ಈಗಿಲ್ಲ" ಅಂದ. ಮೈಕ್ರೋಸಾಫ್ಟ್ ಕೂಡ ತನ್ನ ಸಹಾಯ ಪುಟದಲ್ಲಿ, ಕಳೆದ ಕೀಯನ್ನು ನಾವು ಕೊಡಲಾರೆವು, ಹೊಸದಾಗಿ ಮಾಡಿಕೊಡಲೂ ಆಗದು ಅಂತ ಬರೆದಿದೆ. ಬೇರೆಯವರು ಸೆಟಪ್ ಮಾಡಿದ್ದರೆ ಕೀ ಅವರ ಖಾತೆಯಲ್ಲಿ ಇರಬಹುದು ಅಂತಲೂ ಅಲ್ಲೇ ಇದೆ. ಅಂದರೆ ಇದು ಅವರಿಗೆ ಗೊತ್ತಿರುವ ಕಥೆಯೇ.

ಇನ್ನೊಬ್ಬರು ಡೇಟಾ ರಿಕವರಿ ಅಂತ 15,000 ರೂಪಾಯಿ ಕೇಳಿದರು, ಅರ್ಧ ಮುಂಗಡ. ಕೀ ಇಲ್ಲದೆ ಹೇಗೆ ತೆಗೀತೀರಿ ಅಂದರೆ "ನಮ್ಮ ಹತ್ರ ಸಾಫ್ಟ್‌ವೇರ್ ಇದೆ" ಅಂದರು. ಫೋನ್ ಇಟ್ಟೆ. ಕೀ ಇಲ್ಲದೆ ತೆರೆಯುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಈಗ ನೀವು ಮಾಡಬೇಕಾದ್ದು. ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್ಸ್‌ನಲ್ಲಿ ಯಾರ ಇಮೇಲ್ ಇದೆ ನೋಡಿ. ಆಮೇಲೆ ಪ್ರೈವಸಿ ಅಂಡ್ ಸೆಕ್ಯೂರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಆನ್ ಇದ್ದು, ಇಮೇಲ್ ನಿಮ್ಮದಲ್ಲದಿದ್ದರೆ ಗಾಬರಿ ಬೇಡ, ವಿಂಡೋಸ್ ತೆರೆಯುತ್ತಿರುವ ತನಕ ಎಲ್ಲವೂ ನಿಮ್ಮ ಕೈಯಲ್ಲೇ ಇದೆ. ಮೊದಲು ಮುಖ್ಯ ಫೈಲುಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಚಾರ್ಜರ್ ಹಾಕಿಟ್ಟು ಬೀಗ ಪೂರ್ತಿ ತೆಗೆಯುವ ತನಕ ಬಿಡಿ. ಬೀಗ ಬೇಕೇ ಬೇಕು ಅನ್ನುವವರು ಕಂಟ್ರೋಲ್ ಪ್ಯಾನೆಲ್‌ನಿಂದ ರಿಕವರಿ ಕೀ ಪ್ರಿಂಟ್ ತೆಗೆದು, ಪಹಣಿ, ಆಧಾರ್ ಇಡುವ ಫೈಲಿನಲ್ಲೇ ಇಡಿ. ನೀಲಿ ಪರದೆ ಬಂದರೆ ಅಲ್ಲಿನ ಕೀ ಐಡಿಯ ಮೊದಲ 8 ಅಕ್ಷರ ಆ ಕಾಗದದ ಜೊತೆ ಹೊಂದುತ್ತಾ ನೋಡಬೇಕು. ಬಯಾಸ್ ಮುಟ್ಟುವ ಮೊದಲು, ಮದರ್‌ಬೋರ್ಡ್ ಬದಲಿಸಲು ಸರ್ವೀಸ್‌ಗೆ ಕೊಡುವ ಮೊದಲು ಬೀಗ ತೆಗೆಯುವುದೋ ಕೀ ಪ್ರಿಂಟ್ ತೆಗೆಯುವುದೋ ಒಂದನ್ನು ಮಾಡಿಯೇ ತೀರಬೇಕು. ಬೋರ್ಡ್ ಹೋದರೆ ಟಿಪಿಎಂ ಕೂಡ ಅದರ ಜೊತೆಗೇ ಹೋಗುತ್ತದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಈಗ ಉಬುಂಟು ಇದೆ, ಡಿಸ್ಕ್ ಪೂರ್ತಿ ಅಳಿಸಿ ಹಾಕಿಕೊಂಡಿದ್ದು. ಪ್ರಶ್ನೆಪತ್ರಿಕೆಗಳು ಸ್ಕೂಲಿನ ಮೇಲ್‌ನಲ್ಲಿ ಸ್ವಲ್ಪ ಸಿಕ್ಕವು. ಸಿಗದೇ ಹೋಗಿದ್ದು ಮನೆ ಕಟ್ಟುವಾಗ ತೆಗೆದ ಫೋಟೋಗಳು. ಗೋಡೆಗೆ ಪ್ಲಾಸ್ಟರ್ ಆಗುವ ಮೊದಲು ನೀರಿನ ಪೈಪು, ಕರೆಂಟ್ ವೈರು ಎಲ್ಲೆಲ್ಲಿ ಹೋಗಿದೆ ಅಂತ, ಪಕ್ಕದಲ್ಲಿ ಟೇಪ್ ಹಿಡಿದು ಒಂದೊಂದು ಗೋಡೆಯನ್ನೂ ತೆಗೆದಿದ್ದೆ. ಮೊಬೈಲ್ ತುಂಬಿತು ಅಂತ ಲ್ಯಾಪ್‌ಟಾಪ್‌ಗೆ ಹಾಕಿ ಮೊಬೈಲಿನಿಂದ ಅಳಿಸಿದ್ದೆ. ಕಳೆದ ವಾರ ಗೀಸರ್ ಕೂರಿಸಲು ಬಂದವನು ಡ್ರಿಲ್ ಹಿಡಿದು, "ಸಾರ್, ಈ ಗೋಡೇಲಿ ಪೈಪ್ ಎಲ್ಲಿ ಹೋಗಿದೆ?" ಅಂತ ಕೇಳಿದ. ಮನೆಯವಳು ನನ್ನ ಮುಖ ನೋಡಿ, "ರೀ, ಫೋಟೋ ತೆಗ್ದಿದ್ರಲ್ಲಾ, ತೋರ್ಸಿ" ಅಂದಳು.