ಗಲ್ಫ್‌ನಿಂದ ಡ್ರೋನ್ ತರೋಕೆ ಹೊರಟಿದ್ದೀರಾ? ಮೊದಲು ಇದನ್ನು ಓದಿ

ಮೈಸೂರು, ಮಂಡ್ಯ ಕಡೆ ಮದುವೆ ವಿಡಿಯೋ ಮಾಡುವ ಹುಡುಗರಿಗೆ, ಗಲ್ಫ್‌ನಲ್ಲಿ ನೆಂಟರಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಹೊರದೇಶದಿಂದ ಡ್ರೋನ್ ತರಬೇಡಿ. ಪುಟ್ಟದಾದರೂ ಬೇಡ. ನಾನೂ ಒಂದು ತಂದಿದ್ದೆ. ಏರ್‌ಪೋರ್ಟ್‌ನಲ್ಲೇ ಕಳೆದುಕೊಂಡೆ. ಮೇಲೆ ದಂಡವನ್ನೂ ಕಟ್ಟಿದೆ.

ನಮ್ಮೂರು ಪಾಂಡವಪುರದ ಹತ್ತಿರ, ಕೆಲಸ ಮೈಸೂರಿನಲ್ಲಿ. ಈಗ ಯಾವ ಮದುವೆ ಮನೆಗೆ ಹೋದರೂ ಮೊದಲು ಕೇಳೋದು "ಡ್ರೋನ್ ಇದೆಯಾ?" ಅಂತ. ಪ್ರತಿ ಸಲ ಬಾಡಿಗೆಗೆ ತಂದರೆ ಕೈಯಲ್ಲಿ ಏನೂ ಉಳಿಯೋದಿಲ್ಲ. ದುಬೈನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಭಾವನೇ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಮದುವೆ ಕೆಲಸ ಒಂದು ಕಡೆ. ಅಪ್ಪನ ಕಬ್ಬಿನ ಗದ್ದೆ, ಆಲೆಮನೆಯ ಹೊಗೆ ಬೆಳಗಿನ ಹೊತ್ತು ಮೇಲಿಂದ ಹೇಗೆ ಕಾಣುತ್ತೆ ಅಂತ ನೋಡೋ ಆಸೆ ನನಗೆ ತುಂಬಾ ದಿನದಿಂದ ಇತ್ತು.

ಅಂಗಡಿಯವನು "249 ಗ್ರಾಂ ಸಾರ್, ಇಂಡಿಯಾದಲ್ಲಿ ಲೈಸೆನ್ಸೇ ಬೇಡ" ಎಂದ. ಡ್ರೋನಿನ ಮೈಮೇಲೂ ಅಷ್ಟೇ ಅಚ್ಚಾಗಿತ್ತು. ಅವನ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ನಂಬಿಬಿಟ್ಟೆ. ನಮ್ಮ 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನದು ನ್ಯಾನೋ, ಅಂದರೆ ಅತಿ ಚಿಕ್ಕ ಡ್ರೋನ್ ಲೆಕ್ಕ, ಅದನ್ನು ಹಾರಿಸೋಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಅದು ಹಾರಿಸುವ ಮಾತು. ಹೊರಗಿನಿಂದ ತರುವ ಮಾತೇ ಬೇರೆ. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಡ್ರೋನ್ ಆಮದನ್ನೇ ನಿಷೇಧಿಸಿತು. ಪೂರ್ತಿ ಜೋಡಿಸಿದ್ದೂ ಇಲ್ಲ, ಬಿಚ್ಚಿ ತಂದು ಇಲ್ಲಿ ಜೋಡಿಸುವ ಕಿಟ್ಟೂ ಇಲ್ಲ. ಸಂಶೋಧನೆ, ರಕ್ಷಣೆ, ಭದ್ರತೆಯ ಕೆಲಸಕ್ಕೆ ಮಾತ್ರ ಅನುಮತಿ ಪಡೆದು ತರಿಸಬಹುದು. ಇಷ್ಟು ತೂಕದವರೆಗೆ ಪರವಾಗಿಲ್ಲ ಅನ್ನೋ ರಿಯಾಯಿತಿ ಅದರಲ್ಲಿಲ್ಲ.

ಹೊರಡುವಾಗಲೇ ಒಂದು ತೊಂದರೆಯಾಯಿತು. ಡ್ರೋನನ್ನು ಬ್ಯಾಟರಿ ಸಮೇತ ದೊಡ್ಡ ಸೂಟ್‌ಕೇಸಿಗೆ ತುಂಬಿದ್ದೆ. ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಬ್ಯಾಗಿನಲ್ಲಿ ಇರಬಾರದು, ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್ (ಬ್ಯಾಟರಿಯಲ್ಲಿ ತುಂಬುವ ಶಕ್ತಿಯ ಅಳತೆ) ಒಳಗಿದ್ದರೆ ಕೈಚೀಲಕ್ಕೆ ತೊಂದರೆಯಿಲ್ಲ. ನನ್ನದರ ಮೇಲೆ 18 ಚಿಲ್ಲರೆ ಅಂತಿತ್ತು. ಕೌಂಟರ್ ಮುಂದೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಖರ್ಜೂರದ ಡಬ್ಬ, ಅಮ್ಮನಿಗೆ ತಂದ ಸ್ವೆಟರ್ ಎಲ್ಲ ಹೊರಗಿಟ್ಟು ಬ್ಯಾಟರಿ ತೆಗೆದೆ.

ಇಲ್ಲಿ ಬಂದಿಳಿದ ಮೇಲೆ ನಾನು ಮಾಡಿದ್ದೇ ದೊಡ್ಡ ತಪ್ಪು. ಜನ ಹೋಗುತ್ತಿದ್ದರು ಅಂತ ಅವರ ಹಿಂದೆಯೇ ಕಸ್ಟಮ್ಸ್‌ನ ಗ್ರೀನ್ ಚಾನೆಲ್‌ನಲ್ಲಿ ನಡೆದೆ. ಗ್ರೀನ್ ಚಾನೆಲ್‌ನಲ್ಲಿ ಕಾಲಿಟ್ಟರೆ "ನನ್ನ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಇಲ್ಲ" ಅಂತ ಬರೆದುಕೊಟ್ಟ ಹಾಗೇ. ಕಸ್ಟಮ್ಸ್ ಫಾರಂನಲ್ಲಿ ಡ್ರೋನ್ ಬಗ್ಗೆಯೇ ಒಂದು ಸಾಲಿದೆ. ನಾನು ಫಾರಂ ಮುಟ್ಟಿರಲೇ ಇಲ್ಲ.

ಎಕ್ಸ್-ರೇಯಲ್ಲಿ ಬ್ಯಾಗ್ ಹೋಯಿತು, ಬೆಲ್ಟ್ ನಿಂತಿತು. ನಾಲ್ಕು ರೆಕ್ಕೆ ಮಡಚಿಕೊಂಡು ಮಲಗಿದ್ದು ಪರದೆ ಮೇಲೆ ನನಗೇ ಸ್ಪಷ್ಟವಾಗಿ ಕಾಣುತ್ತಿತ್ತು. "ಡ್ಯೂಟಿ ಎಷ್ಟಾಗುತ್ತೆ ಹೇಳಿ ಸಾರ್, ಕಟ್ಟಿಬಿಡ್ತೀನಿ" ಎಂದೆ. ಆ ಅಧಿಕಾರಿ ಗದರಲಿಲ್ಲ. "ಇದು ಡ್ಯೂಟಿ ಕಟ್ಟಿ ಬಿಡಿಸಿಕೊಳ್ಳೋ ಸಾಮಾನಲ್ಲ ಕಣ್ರೀ, ನಿಷೇಧ ಇರೋದು" ಎಂದರು. ಟಿವಿ, ಚಿನ್ನಕ್ಕೆ ಡ್ಯೂಟಿ ಕಟ್ಟಿದ ಹಾಗೆ ಇದಕ್ಕೂ ಕಟ್ಟಿದರಾಯಿತು ಅಂದುಕೊಂಡಿದ್ದೆ. ನಿಷೇಧಿತ ವಸ್ತುವನ್ನು ದಂಡ ಕಟ್ಟಿಸಿಕೊಂಡು ಬಿಡುವುದು ಬಿಡದಿರುವುದು ಅಧಿಕಾರಿಗೆ ಬಿಟ್ಟದ್ದು. ಕೊಡಿ ಅಂತ ನಾವು ಹಕ್ಕಿನಿಂದ ಕೇಳುವ ಹಾಗಿಲ್ಲ.

ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಆಮೇಲೆ ತಿಳಿದ ಇನ್ನೊಂದು ವಿಷಯಕ್ಕೆ. 1962ರ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ, ನಾವೇ ನಿಜ ಹೇಳಿ ಘೋಷಿಸಿದ್ದರೆ, ಅಂಥ ವಸ್ತುವನ್ನು ಅಲ್ಲೇ ಇಟ್ಟುಕೊಂಡು, ದೇಶ ಬಿಟ್ಟು ಹೋಗುವಾಗ ವಾಪಸ್ ಕೊಡಿ ಅಂತ ಕೇಳಬಹುದು. ಅಂದರೆ ತಂದದ್ದನ್ನು ಹೇಳಿಕೊಳ್ಳುವವರ ರೆಡ್ ಚಾನೆಲ್‌ಗೆ ಹೋಗಿ ಬಾಯಿ ಬಿಟ್ಟು ಹೇಳಿದ್ದರೆ, ರಜೆಗೆ ಬರುವ ಭಾವನ ಕೈಯಲ್ಲಾದರೂ ವಾಪಸ್ ಕಳಿಸುವ ದಾರಿ ಕೇಳಬಹುದಿತ್ತು. ಸುಮ್ನೆ ನಡೆದುಬಂದು ಅದನ್ನೂ ಕಳೆದುಕೊಂಡೆ. ಆ ರಾತ್ರಿ ಡ್ರೋನ್ ಹಿಡಿದಿಟ್ಟುಕೊಂಡಿದ್ದಕ್ಕೆ ಅವರು ಕೊಟ್ಟ ರಸೀದಿ ಜೇಬಿಗಿಟ್ಟುಕೊಂಡು ಮಂಡ್ಯ ಬಸ್ ಹತ್ತಿದೆ. ಆಮೇಲೆ ನೋಟಿಸು, ವಿಚಾರಣೆ. ಎರಡು ಸಲ ಮದುವೆ ಆರ್ಡರ್ ಬಿಟ್ಟು ಓಡಾಡಿದೆ. ಕೊನೆಗೆ ಡ್ರೋನ್ ಮುಟ್ಟುಗೋಲಾಯಿತು.

ಈಗಾಗಲೇ ಡ್ರೋನ್ ಕೈಯಲ್ಲಿಟ್ಟುಕೊಂಡು ವಿಮಾನ ಹತ್ತಿದವರಿದ್ದರೆ ದಯವಿಟ್ಟು ರೆಡ್ ಚಾನೆಲ್‌ಗೇ ಹೋಗಿ, ಬಿಲ್ ತೋರಿಸಿ. ಇಲ್ಲೇ ಕೊಂಡ ಡ್ರೋನನ್ನು ಪ್ರವಾಸಕ್ಕೆ ಒಯ್ಯುವವರು, ಹೊರಡುವ ದಿನವೇ ಕಸ್ಟಮ್ಸ್ ಕೌಂಟರಿನಲ್ಲಿ ವಸ್ತುವನ್ನೂ ಬಿಲ್ಲನ್ನೂ ತೋರಿಸಿ, ಸೀರಿಯಲ್ ನಂಬರ್ ಬರೆಸಿ, ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಇದು ಇಲ್ಲಿಂದಲೇ ಒಯ್ದದ್ದು ಅನ್ನೋದಕ್ಕೆ ಅದೇ ಸಾಕ್ಷಿ. ಬ್ಯಾಗ್ ಚೆಕ್-ಇನ್ ಮಾಡಿದ ಮೇಲೆ ತೋರಿಸೋಕೆ ವಸ್ತು ಕೈಯಲ್ಲಿರಲ್ಲ, ಅಲ್ವಾ? ಹೋಗುವ ದೇಶದ ಕಾನೂನನ್ನೂ ನೋಡಿಕೊಳ್ಳಿ. ಈಜಿಪ್ಟ್, ಮೊರಾಕೊದಲ್ಲಿ ಪ್ರವಾಸಿಗರು ಡ್ರೋನ್ ಒಳಗೆ ತರುವ ಹಾಗೇ ಇಲ್ಲ.

ಬೇರೆಯವರಿಗಾಗಿ ಮಾತ್ರ ತರಲೇಬೇಡಿ. ಬ್ಯಾಗ್ ಯಾರ ಕೈಯಲ್ಲಿದೆಯೋ ಅವರೇ ಉತ್ತರ ಕೊಡಬೇಕು. ಹೋದ ತಿಂಗಳು ಕುವೆಂಪುನಗರದ ಹುಡುಗನೊಬ್ಬ ಶಾರ್ಜಾದಿಂದ ಫೋನ್ ಮಾಡಿದ್ದ. "ಅಣ್ಣಾ, ಫ್ರೆಂಡಿಗೆ ಒಂದು ತರ್ತಾ ಇದೀನಿ, ಸೀಲ್ ಒಡೆದಿಲ್ಲ, ತೊಂದ್ರೆ ಇಲ್ಲ ಅಲ್ವಾ?" ಎಂದ. ನನ್ನ ಕಥೆ ಪೂರ್ತಿ ಹೇಳಿದೆ. ಅವತ್ತು ಸಂಜೆಯೇ ಬಿಲ್ ಸಮೇತ ಅಂಗಡಿಗೆ ಹೋಗಿ ವಾಪಸ್ ಕೊಟ್ಟು ಬಂದ.